ನನ್ನನ್ನು ಡಿಸ್ಚಾರ್ಜ್ ಮಾಡಿದ ಡಾಕ್ಟರು ನಾನೇ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡೆಂಗಿ ಜ್ವರದ ಐದನೇ ದಿನ ನನ್ನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಡಾಕ್ಟರು ಬೇರೆ ಯಾರೂ ಅಲ್ಲ, ನಾನೇ. ವಾರ್ಡಿನ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿಯನ್ನು ಸಣ್ಣಗೆ ಬಿಟ್ಟು, ನನ್ನ ಮೊಬೈಲಿನಿಂದ ಅದೇ ವಾರ್ಡಿನ ಫೋನಿಗೆ ಕರೆ ಮಾಡಿ, ದೊಡ್ಡ ಡಾಕ್ಟರ ದನಿಯಲ್ಲಿ ನನಗೆ ನಾನೇ ಬಿಡುಗಡೆ ಬರೆಸಿಕೊಂಡೆ. ಅದಾಗಿ ಎಂಟು ತಾಸಿನೊಳಗೆ ಸಂಡೂರಿನ ಒಂದು ವೇದಿಕೆಯ ಮೇಲೆ ಮಕಾಡೆ ಬಿದ್ದೆ. ಬಿದ್ದದ್ದಕ್ಕೆ ಜನ ಚಪ್ಪಾಳೆ ಹೊಡೆದರು. ನನ್ನ ಕಸುಬಿನಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಅದಕ್ಕೆ ಮುಂಚೆ ಬಿದ್ದಿರಲಿಲ್ಲ, ಆಮೇಲೂ ಬಿದ್ದಿಲ್ಲ.

ನಾನು ಸತ್ತಿದ್ದರೆ ಅದು ನನ್ನ ಪಾಡು. ಆದರೆ ಬದುಕಿದೆ. ಅದರ ಪೆಟ್ಟು ಬಿದ್ದದ್ದು ಫೋನ್ ಎತ್ತಿದ ರೇಣುಕಾ ಸಿಸ್ಟರ್ ಕೆಲಸದ ಮೇಲೆ. ಇದನ್ನು ಬರೆಯುತ್ತಿರುವುದು ಅದಕ್ಕಾಗಿ. ಜ್ವರ ಇಳಿಯಿತಲ್ಲ ಎಂದು ಕೈಗೆ ಚುಚ್ಚಿದ ಸೂಜಿಯನ್ನು ಕಿತ್ತು ಎಸೆಯಲು ಹವಣಿಸುತ್ತ ಯಾವುದೋ ವಾರ್ಡಿನಲ್ಲಿ ಮಲಗಿರುವ ನನ್ನಂಥ ಇನ್ನೊಬ್ಬ ಶಾಣ್ಯಾನ ಕಣ್ಣಿಗೆ ಇದು ಬಿದ್ದರೆ ಅದೂ ಆಗಲಿ.

ನನ್ನ ಹೆಸರು ಬಸವರಾಜ, ಅವ್ವನಿಗೆ ಬಸ್ಯಾ. ಊರು ಹೊಸಪೇಟೆ. ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುತ್ತೇನೆ. ಸಂಜೆ ಕಡ್ಡಿರಾಂಪುರದ ಹೋಂಸ್ಟೇಗಳಲ್ಲಿ ಪ್ರವಾಸಿಗರ ಮುಂದೆ ಕರಡಿಯಾಗುತ್ತೇನೆ. ದರೋಜಿಯ ಕರಡಿಧಾಮಕ್ಕೆ ಹೋಗಿ, ಎರಡು ತಾಸು ಕಾದು, ಕರಡಿ ಕಾಣದೆ ಮುಖ ಸಪ್ಪೆ ಮಾಡಿಕೊಂಡು ಬಂದವರು ನನ್ನ ಗಂಟಲಿನ ಕರಡಿಯನ್ನು ಕೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ಕಂಪ್ಲಿ ಬಸ್ಸಿನ ಕಂಡಕ್ಟರು, ಅದಿರು ಹೊತ್ತ ಟಿಪ್ಪರು ಏರು ಹತ್ತುವಾಗ ನರಳುವುದು, ಕುಕ್ಕರಿನ ಸೀಟಿ, ಸೊಸೆಯನ್ನು ಬೈಯುವ ಎದುರು ಮನೆಯ ಮುದುಕಿ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನ ಸ್ವಂತ ದನಿ ಮಾತ್ರ ಡಬ್ಬಿಯೊಳಗೆ ಸಿಕ್ಕಿಕೊಂಡ ಇಲಿಯ ಹಾಗಿದೆ. ಬೇರೆಯವರದನ್ನು ಕದಿಯಲು ಇನ್ನೇನು ಕಾರಣ ಬೇಕು?

ಜ್ವರ ಎಲ್ಲಿಂದ ಬಂತು ಎಂದು ನನಗೆ ಗೊತ್ತು, ನಮ್ಮ ಓಣಿಗೂ ಗೊತ್ತು. ನಮ್ಮ ಮನೆಯ ಗೋಡೆಗೆ ಹೊಂದಿಕೊಂಡೇ ವೀರಣ್ಣನ ಹಳೇ ಟೈರಿನ ಅಂಗಡಿ. ಸಂಡೂರು ಕಡೆಯ ಗಣಿ ಟಿಪ್ಪರುಗಳು ಸವೆಸಿ ಬಿಟ್ಟ ಟೈರುಗಳನ್ನು ಆಳೆತ್ತರಕ್ಕೆ ಪೇರಿಸಿರುತ್ತಾನೆ. ಮಳೆಗಾಲದಲ್ಲಿ ಒಂದೊಂದು ಟೈರೂ ಸೊಳ್ಳೆಗಳಿಗೆ ಒಂದೊಂದು ಹೆರಿಗೆ ವಾರ್ಡು. ಅವ್ವ ಎಷ್ಟು ಸಲ ಹೇಳಿದ್ದಳೋ.

"ವೀರಣ್ಣ, ಆ ನೀರು ಚೆಲ್ರೀ. ಒಳಗ ಹುಳ ಕುಣ್ಯಾಕತ್ತಾವ."

"ನಾಳಿ ತೆಗಸ್ತೀನಿ ಯಕ್ಕಾ."

ಆ ನಾಳೆ ಬರುವಷ್ಟರಲ್ಲಿ ನನಗೆ ಜ್ವರ ಬಂತು. ಕರಡಿಯಾಗಿ ಗುರುಗುಡುತ್ತಿದ್ದವನು ನಡುವೆಯೇ ನಡುಗತೊಡಗಿದೆ. ಕೇಳುತ್ತಿದ್ದ ಹೆಣ್ಣುಮಗಳೊಬ್ಬಳು "ಎಷ್ಟು ಸಹಜವಾಗಿದೆ!" ಎಂದು ವಿಡಿಯೋ ಮಾಡಿಕೊಂಡಳು. ಮನೆಗೆ ಬರುವಷ್ಟರಲ್ಲಿ ಕಣ್ಣಿನ ಹಿಂದೆ ಯಾರೋ ಕೂತು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಮೈಮೇಲೆ ಟಿಪ್ಪರು ಒಮ್ಮೆ ಹಾದು ಹೋಗಿ, ಸರಿಯಾಗಿ ಹಾಯಲಿಲ್ಲವೆಂದು ರಿವರ್ಸ್ ಬಂದು ಇನ್ನೊಮ್ಮೆ ಹಾದಂತಿತ್ತು. ಮೂರನೇ ದಿನ ರಕ್ತ ಪರೀಕ್ಷೆಯಾಯಿತು. ಡೆಂಗಿ ಅಂದರು, ಮಲಗು ಅಂದರು, ಮಲಗಿದೆ.

ಆಸ್ಪತ್ರೆಯ ಹೊರಗಿನ ಬೆಂಚುಗಳ ಮೇಲೆ ಆ ತಿಂಗಳು ಒಂದೇ ಮಾತು. ಎಲ್ಲರ ಕೈಯಲ್ಲೂ ರಿಪೋರ್ಟು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕೇಳುವ ಹಾಗೆ, "ನಿಮ್ಮ ಹುಡುಗಂದು ಪ್ಲೇಟ್‌ಲೆಟ್ ಎಷ್ಟ್ರೀ?" "ಎಂಬತ್ತು ಸಾವಿರ." "ಅಷ್ಟೇನಾ? ನಮ್ಮಾಕಿದು ನಲವತ್ತೈತಿ." ಕಡಿಮೆ ಇದ್ದವರು ಎದೆ ಸೆಟೆಸಿ ಕೂರುತ್ತಿದ್ದರು, ಜಾಸ್ತಿ ಇದ್ದವರು ಸುಮ್ಮನೆ ಬಂದವರ ಹಾಗೆ ತಲೆ ತಗ್ಗಿಸುತ್ತಿದ್ದರು. ನನ್ನದು ಅರವತ್ತೆರಡು. ಪಾಸಾಗಿದ್ದೆ, ಆದರೆ ಕ್ಲಾಸು ಬಂದಿರಲಿಲ್ಲ.

ನಾಲ್ಕನೇ ದಿನ ವೀರಣ್ಣ ನೋಡಲು ಬಂದ. ಕೈಯಲ್ಲಿ ಸ್ಟೀಲಿನ ತಂಬಿಗೆ, ಅದರ ತುಂಬ ಪಪ್ಪಾಯಿ ಎಲೆಯ ರಸ.

"ಕುಡಿಯಲೇ ಬಸ್ಯಾ. ಪ್ಲೇಟ್‌ಲೆಟ್ ಮಿಷಿನ್ ಹಂಗ ಏರ್ತಾವ."

ಸೊಳ್ಳೆಯನ್ನೂ ಅವನೇ ಸಾಕಿದ, ಔಷಧಿಯನ್ನೂ ಅವನೇ ತಂದ. ಜಗತ್ತಿನ ಅಷ್ಟೂ ಕಹಿಯನ್ನು ಅರೆದ ಹಾಗಿದ್ದ ಅದನ್ನು ಅವನ ಮುಖ ನೋಡುತ್ತ ಒಂದೇ ಗುಟುಕಿಗೆ ಕುಡಿದೆ. ಪ್ರತಿ ಗುಟುಕಿಗೂ ಒಂದೊಂದು ಶಾಪ ಹಾಕಬೇಕೆಂದಿದ್ದೆ. ಒಂದೇ ಗುಟುಕಾದ್ದರಿಂದ ಒಂದೇ ಶಾಪ ಹಾಕಲು ಸಿಕ್ಕಿತು: ಮೇಲೆದ್ದ ದಿನ ನಗರಸಭೆ ಕಮಿಷನರ್ ದನಿಯಲ್ಲಿ ಫೋನ್ ಮಾಡಿ ಇವನ ಟೈರನ್ನೆಲ್ಲ ಇವನ ತಲೆಯ ಮೇಲೆ ಹೊರಿಸುತ್ತೇನೆ.

ಆದರೆ ವೀರಣ್ಣನಿಗಿಂತ ಮೇಲಿನ ಹೆಸರೊಂದು ನನ್ನ ಪಟ್ಟಿಯಲ್ಲಿತ್ತು. ಅದು ದೊಡ್ಡ ಡಾಕ್ಟರದು.

ಅವರು ಕೆಟ್ಟ ಡಾಕ್ಟರಲ್ಲ, ಅದೇ ನನ್ನ ತೊಂದರೆ. ಕೆಟ್ಟವರಾಗಿದ್ದರೆ ಈ ಬರಹ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ಬೆಳಿಗ್ಗೆ ರೌಂಡ್ಸಿಗೆ ಬರುತ್ತಿದ್ದರು. ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, "ಹ್ಹ್ಂ, ಹ್ಹ್ಂ." ಆಮೇಲೆ ಕಾಗದ ನೋಡಿ, "ಬೆಡ್ ಸೆವೆನ್. ಕಂಟಿನ್ಯೂ. ನೆಕ್ಸ್ಟ್." ನನಗೊಂದು ಹೆಸರಿದೆ, ಮುಖವಿದೆ, ಮುಖದಲ್ಲಿ ಸುಮಾರಾದ ಮೀಸೆಯೂ ಇದೆ ಎಂಬುದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ. ಅದನ್ನೂ ತಡೆದುಕೊಳ್ಳುತ್ತಿದ್ದೆ. ಆದರೆ ನಾಲ್ಕನೇ ದಿನ ಅವ್ವ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಡಾಕ್ಟ್ರ, ಜ್ವರ ಯಾಕ ಬಿಡವಲ್ದ್ರೀ? ನನ್ನ ಮಗ ಆರಾಮಾಗ್ತಾನಲ್ರೀ?"

ಡಾಕ್ಟರು ಕಾಗದದಿಂದ ತಲೆ ಎತ್ತಲಿಲ್ಲ. "ಹ್ಹ್ಂ. ಅಷ್ಟೆಲ್ಲ ಕೇಳೋರು ನೀವ ಟ್ರೀಟ್‌ಮೆಂಟ್ ಮಾಡ್ಕೊಳ್ರಿ. ನೆಕ್ಸ್ಟ್."

"ತಪ್ಪಾತ್ರೀ," ಅಂದಳು ಅವ್ವ. ಅಂದು, ಎರಡು ಹೆಜ್ಜೆ ಹಿಂದೆ ಸರಿದಳು.

ಆ ಎರಡು ಹೆಜ್ಜೆ ನನ್ನನ್ನು ಜ್ವರಕ್ಕಿಂತ ಜಾಸ್ತಿ ಸುಟ್ಟವು. ಓಣಿಯಲ್ಲಿ ನೀರಿನ ಸರದಿಗೆ ಯಾರಿಗೂ ಒಂದು ಬಿಂದಿಗೆ ಬಿಟ್ಟುಕೊಡದ ಹೆಂಗಸು ಅವಳು. ಮಗ ಮಲಗಿದ್ದಾನೆಂದು ಹಿಂದೆ ಸರಿದಳು. ಆಗಲೇ ತೀರ್ಮಾನಿಸಿದೆ. ನೀವೇ ಮಾಡಿಕೊಳ್ಳಿ ಅಂದಿರಲ್ಲ ಸರ್? ಆಯಿತು, ನಾವೇ ಮಾಡಿಕೊಳ್ಳುತ್ತೇವೆ.

ಬಚ್ಚಲಿಗೆ ಹೋದಾಗಲೆಲ್ಲ ಅಭ್ಯಾಸ ಶುರು ಮಾಡಿದೆ. ಗಂಟಲು ಎರಡು ಸಲ. ಮೂಗಿನಲ್ಲಿ ಅರ್ಧ ದನಿ. ಪ್ರತಿ ಮಾತಿನ ಕೊನೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲಿಸುವುದು. ದನಿ ಕದಿಯುವುದು ಸುಲಭ, ಆ ದನಿಯ ಅವಸರವನ್ನು ಕದಿಯುವುದು ಕಷ್ಟ. ಎರಡನ್ನೂ ಕದ್ದೆ.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಡಾಕ್ಟರು ಹಗಲೆಲ್ಲ ಕೆಳಗೆ ಹೊರರೋಗಿಗಳನ್ನು ನೋಡುತ್ತಿರುತ್ತಾರೆ. ಮೇಲಿನ ವಾರ್ಡಿಗೆ ಏನಾದರೂ ಹೇಳುವುದಿದ್ದರೆ ಫೋನ್. ಸಿಸ್ಟರು ಅದನ್ನು ಕೇಸ್ ಶೀಟಿನಲ್ಲಿ "ಫೋನ್ ಆರ್ಡರ್" ಎಂದು ವೇಳೆ ಸಮೇತ ಬರೆದುಕೊಂಡು ಮಾಡಿಬಿಡುವುದು, ಡಾಕ್ಟರು ಸಂಜೆ ಬಂದು ಅದರ ಕೆಳಗೆ ಸಹಿ ಹಾಕುವುದು. ವಾರ್ಡಿನ ಫೋನಾದರೋ ಹಳೇ ಕಾಲದ್ದು, ಯಾರು ಮಾಡಿದರೆಂದು ತೋರಿಸುವ ಕಿಟಕಿ ಅದಕ್ಕಿಲ್ಲ. ನಂಬರು ನನ್ನ ಫೈಲಿನ ಮೇಲೇ ಅಚ್ಚಾಗಿತ್ತು.

ಐದನೇ ದಿನ ಬೆಳಿಗ್ಗೆ ಎದ್ದರೆ ಮೈಯೆಲ್ಲ ಬೆವರು, ಜ್ವರ ಇಲ್ಲವೇ ಇಲ್ಲ. ಹಸಿವಾಯಿತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಣ್ಣ ಮುಂದೆ ಬಂದವು. ಅದೇ ಸಂಜೆ ಸಂಡೂರಿನ ಒಂದು ಗಣಿ ಕಂಪನಿಯ ಕಾಲೊನಿಯಲ್ಲಿ ವಾರ್ಷಿಕೋತ್ಸವ, ನನ್ನ ಮಿಮಿಕ್ರಿ. ಅವತ್ತಿನವರೆಗೆ ಹೋಂಸ್ಟೇ ಅಂಗಳ ಬಿಟ್ಟರೆ ನನಗೆ ವೇದಿಕೆ ಎಂಬುದು ಸಿಕ್ಕಿರಲಿಲ್ಲ. ಸೇಡೂ ತೀರುತ್ತದೆ, ವೇದಿಕೆಯೂ ಸಿಗುತ್ತದೆ. ಬಚ್ಚಲಿಗೆ ಹೋದೆ.

ಫೋನ್ ಎತ್ತಿದ್ದು ರೇಣುಕಾ ಸಿಸ್ಟರ್. ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಬರುವ ಹೆಂಗಸು. ಹತ್ತು ವರ್ಷದಿಂದ ಅದೇ ವಾರ್ಡು. ಅವರ ಬಸ್ಸಿನ ಕಂಡಕ್ಟರನ್ನು ನಾನು ಅಣಕಿಸಿ ತೋರಿಸಿದಾಗ ಬಾಯಿಗೆ ಕೈ ಇಟ್ಟು ನಕ್ಕಿದ್ದರು. ಸೂಜಿ ಚುಚ್ಚಿದರೆ ಚುಚ್ಚಿದ್ದೇ ತಿಳಿಯುತ್ತಿರಲಿಲ್ಲ.

"ಹ್ಹ್ಂ, ಹ್ಹ್ಂ. ಸಿಸ್ಟರ್. ಬೆಡ್ ಸೆವೆನ್. ಜ್ವರ?"

"ಬಿಟ್ಟೈತ್ರೀ ಸರ್, ಬೆಳಿಗ್ಗಿಂದ ಇಲ್ಲ."

"ಡಿಸ್ಚಾರ್ಜ್."

ಆ ಕಡೆ ಕೇಸ್ ಶೀಟು ತಿರುವಿದ ಸದ್ದು. "ಸರ್... ಪ್ಲೇಟ್‌ಲೆಟ್ ಇನ್ನೂ ಇಳ್ಯಾಕತ್ತಾವಲ್ರೀ. ಹೊಟ್ಟಿ ನೋವು ಅಂತ ಬ್ಯಾರೆ ಅನ್ನಾಕತ್ತಿದ್ದ."

"ಹ್ಹ್ಂ. ನೋಡೀನಿ. ಕಳಿಸ್ರಿ," ಅಂದೆ. ಕೆಲಸ ಸಲೀಸಾಗಿ ಆದದ್ದಕ್ಕೆ ಖುಷಿಯಾಗಿ, "ಥ್ಯಾಂಕ್ಸ್ ಸಿಸ್ಟರ್," ಎಂದು ಫೋನ್ ಇಟ್ಟೆ.

ಬಚ್ಚಲಿಂದ ಹೊರಗೆ ಬಂದಾಗ ಸಿಸ್ಟರ್ ಕೇಸ್ ಶೀಟಿನಲ್ಲಿ ಬರೆಯುತ್ತಿದ್ದರು. "ಬಸವರಾಜ, ನಿನ್ನ ಪುಣ್ಯ. ಸಾಹೇಬ್ರು ಮನೀಗೆ ಕಳಿಸಂದ್ರು," ಅಂದರು. ಹಾಗಂದರೂ ಮುಖದ ಗಂಟು ಬಿಡಲಿಲ್ಲ. "ಹೊಟ್ಟಿ ನೋವು ಜಾಸ್ತಿ ಆದ್ರ, ಎಲ್ಲಾದ್ರೂ ರಕ್ತ ಕಂಡ್ರ, ಜಲ್ದಿ ಓಡಿ ಬಾ. ಕೇಳಿಸ್ತೇನು?" ಕೇಳಿಸಿತು. ಕೇಳಿಸಿಕೊಳ್ಳುವುದೇ ನನ್ನ ಕಸುಬು. ತಲೆಗೆ ಹೋಗುವುದು ಬೇರೆ ಇಲಾಖೆ.

ಮಧ್ಯಾಹ್ನ ಅವ್ವ ಕೊಟ್ಟ ಗಂಜಿ ಕುಡಿದು, ಅಂಗಡಿಗೆ ಹೋಗಿ ಸ್ವಲ್ಪ ಕೂತು ಬರುತ್ತೇನೆಂದು ಸುಳ್ಳು ಹೇಳಿ ಸಂಡೂರು ಬಸ್ಸು ಹತ್ತಿದೆ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ಹಿಂಡತೊಡಗಿತು. ರಸ್ತೆಯ ಗುಂಡಿಗಳ ಮೇಲೆ ತಪ್ಪು ಹಾಕಿದೆ. ಅಂಗೈ ತಣ್ಣಗಾಗಿತ್ತು. ಕಿಟಕಿಯ ಗಾಳಿಯ ಮೇಲೆ ಹಾಕಿದೆ. ಅವತ್ತು ತಪ್ಪು ಹೊರಲು ಎಲ್ಲರೂ ಸಿದ್ಧರಿದ್ದರು, ನನ್ನೊಬ್ಬನನ್ನು ಬಿಟ್ಟು.

ಸಂಜೆ ಆರಕ್ಕೆ ವೇದಿಕೆ ಏರಿದೆ. ಕರಡಿಗೆ ನಕ್ಕರು. ಕಂಡಕ್ಟರಿಗೆ ನಕ್ಕರು. ಆಮೇಲೆ ನನ್ನ ಹೆಸರಾಂತ ಟಿಪ್ಪರು. ಅದಿರು ತುಂಬಿದ ಟಿಪ್ಪರು ಫಸ್ಟ್ ಗೇರಿನಲ್ಲಿ ಗುಡ್ಡ ಏರುವುದು. ಎಂಜಿನ್ನಿಗೆ ದನಿ ಎಳೆದೆ. ಎಳೆಯುತ್ತಿದ್ದಂತೆ ಬಾಯಲ್ಲಿ ಉಪ್ಪುಪ್ಪು. ಮೈಕಿನ ಸ್ಪಂಜಿನ ಮೇಲೆ ಕೆಂಪು ಕಂಡಿತು, ನನ್ನ ಒಸಡಿನ ರಕ್ತ. ಎಂಜಿನ್ನು ಕೆಮ್ಮಿತು, ಎಳೆಯಿತು, ನಿಂತಿತು. ನಾನು ಬಿದ್ದೆ.

ಇಡೀ ಕಾಲೊನಿ ಎದ್ದು ನಿಂತು ಚಪ್ಪಾಳೆ. ನೆಲದ ಮೇಲೆ ಕೆನ್ನೆ ಒತ್ತಿ ಮಲಗಿ ನಾನು ಅದನ್ನು ಕೇಳುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಕ್ಷಣ ಖುಷಿಯೂ ಆಯಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಟಿಪ್ಪರ್ ಡ್ರೈವರ್ ಮಾತ್ರ ಚಪ್ಪಾಳೆ ಹೊಡೆಯದೆ ವೇದಿಕೆಗೆ ಓಡಿ ಬಂದ. "ಏ, ನಿಲ್ಸ್ರೋ! ಗಾಡಿ ಖರೇನ ಬಂದ್ ಬಿದ್ದೈತಿ!" ಎಂದು ಕೂಗಿದ. ಯಂತ್ರ ಯಾವಾಗ ನಾಟಕ ಮಾಡುತ್ತದೆ, ಯಾವಾಗ ಕೆಡುತ್ತದೆ ಎಂಬುದು ಅದರ ಜೊತೆ ಬದುಕಿದವನಿಗೇ ಗೊತ್ತು. ಅವನ ಹೆಸರು ಕೇಳಲೂ ಆಗಲಿಲ್ಲ. ನನ್ನನ್ನು ಎತ್ತಿ ಕಂಪನಿಯ ಜೀಪಿಗೆ ಹಾಕಿದವನು ಅವನೇ.

ಮತ್ತೆ ಅದೇ ಆಸ್ಪತ್ರೆ, ಅದೇ ಏಳನೇ ಮಂಚ. ಬಿಪಿ ಪಟ್ಟಿ ಕಟ್ಟಿದರು, ಮುಳ್ಳು ಏಳಲಿಲ್ಲ. ಎರಡೂ ಕೈಗೆ ಸೂಜಿ. ಡಾಕ್ಟರು ಓಡುತ್ತ ಬಂದರು. ಅವರು ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೇಸ್ ಶೀಟು ಕಿತ್ತುಕೊಂಡು ನೋಡಿ ಗುಡುಗಿದರು.

"ಯಾರು ಇವನ್ನ ಡಿಸ್ಚಾರ್ಜ್ ಮಾಡಿದ್ದು?"

"ನೀವ ಫೋನ್ ಮಾಡಿದ್ರಲ್ರೀ ಸರ್," ಅಂದರು ರೇಣುಕಾ ಸಿಸ್ಟರ್. ಕಂಪ್ಲಿ ಬಸ್ಸಿಗೆ ಹೊರಟವರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದರು.

"ನಾನಾ? ಹನ್ನೊಂದಕ್ಕ ನಾನು ಸ್ಕ್ಯಾನ್ ರೂಮಿನ್ಯಾಗಿದ್ದೆ. ಫೋನ್ ಹೊರಗ ಇತ್ತು."

"ನಿಮ್ಮ ದನೀನ ಸರ್. ನಾ ಪ್ಲೇಟ್‌ಲೆಟ್ ಇಳ್ಯಾಕತ್ತಾವ ಅಂತಾನೂ ಅಂದೆ."

"ಸುಳ್ಳು ಹೇಳಬ್ಯಾಡ್ರಿ! ಒಂದು ಜೀವ ಹೋಗ್ತಿತ್ತು ಈಗ!"

ಆ ಜೀವ ಅಲ್ಲೇ ಮಲಗಿತ್ತು. ಎಚ್ಚರವಾಗಿತ್ತು. ನಾನೇ ಎಂದು ಎರಡು ಅಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಊರಿನವರದೆಲ್ಲ ದನಿ ಹೊರಡಿಸುವ ಬಾಯಿಂದ ನನ್ನದೊಂದು ಹೊರಡಲಿಲ್ಲ. ನಿಶ್ಶಕ್ತಿಯಿಂದ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಶುದ್ಧ ಹೇಡಿತನ. ಹೇಳಿದರೆ ಇವರು ನನ್ನನ್ನು ಹೊರಗೆ ಹಾಕಿದರೆ? ಅವ್ವನ ಮುಂದೆ ಬೈದರೆ? ಅವಳು ಮತ್ತೆ "ತಪ್ಪಾತ್ರೀ" ಅನ್ನಬೇಕಾದರೆ?

ಮುಂದಿನ ಎರಡು ದಿನ ನಾನು ಸೋರಿದೆ. ಅದಕ್ಕೆ ಬೇರೆ ಮಾತಿಲ್ಲ. ಜ್ವರ ಒಂದಿಷ್ಟೂ ಇಲ್ಲ, ಆದರೆ ರಕ್ತದೊಳಗಿನ ನೀರು ನಾಳ ಬಿಟ್ಟು ಹೊಟ್ಟೆಗೆ, ಎದೆಗೆ ಇಳಿಯುತ್ತಿತ್ತು. ಹೊಟ್ಟೆ ಉಬ್ಬಿತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು, ನಾಡಿ ಬೆಂಕಿಪೊಟ್ಟಣದೊಳಗಿನ ಹುಳದ ಹಾಗೆ ಪಟಪಟಿಸುತ್ತಿತ್ತು. ನೀರು ಕಡಿಮೆ ಹಾಕಿದರೆ ಬಿಪಿ ಬೀಳುತ್ತದೆ, ಜಾಸ್ತಿ ಹಾಕಿದರೆ ಎದೆ ತುಂಬುತ್ತದೆ. ತಾಸಿಗೊಮ್ಮೆ ರಕ್ತ ತೆಗೆದು, ಉಚ್ಚೆ ಅಳೆದು, ಹನಿ ಹನಿ ಲೆಕ್ಕದಲ್ಲಿ ನನ್ನನ್ನು ಹಿಡಿದಿಟ್ಟರು. ದೊಡ್ಡ ಡಾಕ್ಟರು ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು, ಊಟವನ್ನೂ ಅಲ್ಲೇ ತರಿಸಿಕೊಂಡರು. ಸೇಡಿನ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಕಷ್ಟ ಬರಬಾರದು. ಬೈಯಲು ಕಣ್ಣು ಬಿಟ್ಟರೆ ಎದುರಿಗೆ ಕೂತವನು ನಮ್ಮನ್ನು ಉಳಿಸುತ್ತಿರುತ್ತಾನೆ. ಆದರೂ ಅವರು ನನ್ನನ್ನು ಕರೆಯುತ್ತಿದ್ದುದು ಬೆಡ್ ಸೆವೆನ್ ಎಂದೇ, ಅಷ್ಟರಮಟ್ಟಿಗೆ ನನ್ನ ಸಿಟ್ಟನ್ನು ಅವರೇ ಕಾಪಾಡಿದರು.

ಅವ್ವ ಬಾಗಿಲ ಗಾಜಿನ ಆಚೆ ನಿಂತಿರುತ್ತಿದ್ದಳು. ಬಿಟ್ಟಾಗ ಒಳಗೆ ಬಂದು ನನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡು ಕೂರುತ್ತಿದ್ದಳು, ಕೈಗಳೆರಡರಲ್ಲೂ ಸೂಜಿ ಇದ್ದುದರಿಂದ. ಅವಳು ಅಳಲಿಲ್ಲ. ಮಧ್ಯೆ ಒಂದು ತಾಸು ಮನೆಗೆ ಹೋಗಿ ಬಂದಳು. ಏನು ಮಾಡಿಬಂದಳೆಂದು ಓಣಿಯವರು ಆಮೇಲೆ ಹೇಳಿದರು. ಗೋಡೆ ಪಕ್ಕದ ಟೈರುಗಳ ನೀರನ್ನು ಚೆಂಬಿನಲ್ಲಿ ಮೊಗೆದು, ಎರಡು ಬಕೀಟು ತುಂಬಿ, ವೀರಣ್ಣನ ಮನೆಯ ಪಡಸಾಲೆಗೆ ಒಯ್ದು ಅವನ ಕಾಲ ಬುಡದಲ್ಲಿ ಇಟ್ಟಳಂತೆ. ನೀರಿನ ತುಂಬ ಹುಳ ಕುಣಿಯುತ್ತಿದ್ದವಂತೆ.

"ವೀರಣ್ಣ, ಇವು ನಿಮ್ಮ ಮನೀ ಕೂಸುಗಳು. ಇಷ್ಟು ದಿನ ನನ್ನ ಮಗನ ರಕ್ತ ಕುಡಿಸಿ ಬೆಳೆಸೀನಿ. ಇನ್ನ ಮ್ಯಾಲ ನೀವ ಜ್ವಾಪಾನ ಮಾಡ್ಕೊಳ್ರಿ."

ಅದೇ ಸಂಜೆ ಟೈರುಗಳು ಲಾರಿ ಹತ್ತಿದವು. ನನ್ನ ಕಮಿಷನರ್ ದನಿ ಉಪಯೋಗಕ್ಕೇ ಬರಲಿಲ್ಲ. ಸೇಡನ್ನು ಸ್ವಂತ ದನಿಯಲ್ಲಿ ತೀರಿಸಿಕೊಳ್ಳುವುದು ಹೇಗೆಂದು ಆ ಹೆಂಗಸನ್ನು ನೋಡಿ ಕಲಿಯಬೇಕಿತ್ತು. ನಾನು ಆಗಿನ್ನೂ ಕಲಿತಿರಲಿಲ್ಲ.

ಎರಡನೇ ದಿನ ಅರೆ ಎಚ್ಚರದಲ್ಲಿ ನನ್ನ ಗಂಟಲಿನ ಬಾಡಿಗೆದಾರರೆಲ್ಲ ಹೊರಗೆ ಬಂದರಂತೆ. ಕಂಡಕ್ಟರ್ ಟಿಕೆಟ್ ಕೇಳಿದ, ಕರಡಿ ಗುರುಗುಟ್ಟಿತು, ಎದುರು ಮನೆಯ ಮುದುಕಿ ಬೈದಳು. ಅವ್ವ ಹೆದರಿ ಬಿಲ್ವಪತ್ರೆ ತರಲು ಓಡಿದಳು. ಡ್ರಿಪ್ ಸರಿಮಾಡುತ್ತಿದ್ದ ರೇಣುಕಾ ಸಿಸ್ಟರ್ ಒಬ್ಬರೇ ಉಳಿದಾಗ ಕಡೆಯ ಬಾಡಿಗೆದಾರ ಬಾಯಿ ಬಿಟ್ಟ. "ಹ್ಹ್ಂ, ಹ್ಹ್ಂ. ಬೆಡ್ ಸೆವೆನ್. ಡಿಸ್ಚಾರ್ಜ್."

ಮರುದಿನ ಬೆಳಿಗ್ಗೆ ನನಗೆ ತಿಳಿವು ಬಂತು. ಬಿಪಿ ನಿಂತಿತ್ತು, ಹಸಿವು ಸಣ್ಣಗೆ ಇಣುಕಿತ್ತು. ಸಿಸ್ಟರ್ ಬಂದರು.

"ಕೈ ಕೊಡು."

ಯಾವಾಗಲೂ ಒಂದೇ ಸಲಕ್ಕೆ ಸಿಗುತ್ತಿದ್ದ ನರ ಅವತ್ತು ಮೂರು ಸಲಕ್ಕೆ ಸಿಕ್ಕಿತು. ನಾನು ದೂರುವುದಿಲ್ಲ.

"ಚಲೋ ದನಿ ಐತಿ ನಿಂದು," ಅಂದರು, ಹತ್ತಿ ಒತ್ತುತ್ತ. "ಥೇಟ್ ಸಾಹೇಬ್ರಂಗ."

"ಸಿಸ್ಟರ್..."

"ನನಗ ನೋಟಿಸ್ ಕೊಟ್ಟಾರ. ಒಂದನೇ ತಾರೀಖಿಂದ ಬರಬ್ಯಾಡ ಅಂದಾರ. ಹತ್ತು ವರ್ಷದಾಗ ಒಂದು ಇಂಜೆಕ್ಷನ್ ಹೆಚ್ಚುಕಮ್ಮಿ ಮಾಡಿಲ್ಲ ನಾನು. ಈಗ ಕಂಪ್ಲಿ ಬಸ್ಸಿನ್ಯಾಗೂ ಜನ ಕೇಳ್ತಾರ, ಪೇಷಂಟನ್ನ ಸಾಯಾಕ ಕಳಿಸಿದ್ಯಂತ, ಹೌದೇನು ಅಂತ."

"ನಾ ಹೇಳ್ತೀನಿ ಸಿಸ್ಟರ್. ಡಾಕ್ಟರಿಗೆ ನಾನ ಹೇಳ್ತೀನಿ."

ಅವರು ಟ್ರೇ ಎತ್ತಿಕೊಂಡರು. ಬಾಗಿಲ ತನಕ ಹೋಗಿ ತಿರುಗಿದರು.

"ಯಾರ ದನಿಯಾಗ ಹೇಳ್ತಿ?"

ಸಿಸ್ಟರ್ ತಾವೇ ಹೋಗಿ ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ತಪ್ಪಿಸಿಕೊಳ್ಳಲು ರೋಗಿಯ ಮೇಲೆ ಹಾಕುತ್ತಿದ್ದಾಳೆ ಅನ್ನುತ್ತಿದ್ದರು. ನನ್ನ ಬಾಯಿಂದಲೇ ಬರಲಿ ಎಂದು ಕಾದರು. ಆ ಕಾಯುವಿಕೆಯೇ ಅವರ ಸೇಡು. ದಿನಕ್ಕೆ ನಾಲ್ಕು ಸಲ ಬರುತ್ತಿದ್ದರು, ಥರ್ಮಾಮೀಟರ್ ಇಡುತ್ತಿದ್ದರು, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು, ಹೋಗುತ್ತಿದ್ದರು. ಇಂದು ಹೇಳುತ್ತೇನೆ, ಸಂಜೆ ಹೇಳುತ್ತೇನೆ ಎಂದು ನಾನು ಎರಡು ದಿನ ತಳ್ಳಿದೆ. ನನ್ನ ಬಾಯಲ್ಲೂ ಒಬ್ಬ ವೀರಣ್ಣ ಕೂತಿದ್ದ: ನಾಳಿ ತೆಗಸ್ತೀನಿ ಯಕ್ಕಾ.

ಮೂರನೇ ದಿನ ರೌಂಡ್ಸಿಗೆ ಡಾಕ್ಟರ ಜೊತೆ ನರ್ಸಿಂಗ್ ಕಾಲೇಜಿನ ಆರೇಳು ಹುಡುಗಿಯರು ಬಂದರು. ಡಾಕ್ಟರು ನನ್ನ ಮಂಚದ ಕಂಬಿಗೆ ಕೈಯಿಟ್ಟು ನಿಂತರು. ಆ ಮನುಷ್ಯನಿಗೆ ಮಾತು ಬರುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ನನ್ನ ಜೊತೆ ಅಲ್ಲ, ಅವರ ಜೊತೆ. ನಾನು ಕರಿಹಲಗೆ.

"ಹ್ಹ್ಂ. ವೈರಸ್ ಒಳಗ ಬಂದ್ರ ಮೊದಲು ಯಾರಿಗೆ ಗೊತ್ತಾಗಬೇಕು? ಅದು ಹೊಕ್ಕ ಜೀವಕೋಶಕ್ಕ. ಅದು ಕೂಗು ಹಾಕಿ ಅಕ್ಕಪಕ್ಕದ ಕೋಶ ಎಬ್ಬಿಸಬೇಕು. ಡೆಂಗಿ ಬಂದಾಗ ಯಾಕ ಜಲ್ದಿ ಕೂಗೂದಿಲ್ಲ ಗೊತ್ತೈತೇನು?"

ಹುಡುಗಿಯರು ನೋಟ್ ಪುಸ್ತಕ ತೆಗೆದರು.

"ನಮ್ಮ ಕೋಶದ ಸ್ವಂತ ಕಾಗದಕ್ಕ ಒಂದು ಗುರುತಿನ ಮುದ್ರಿ ಇರ್ತೈತಿ ಅಂತ ತಿಳ್ಕೊಳ್ರಿ. ಈ ವೈರಸ್ ತನ್ನ ಕಾಗದಕ್ಕೂ ಥೇಟ್ ಅದೇ ಮುದ್ರಿ ಒತ್ಕೊಂಡು ಬರ್ತೈತಿ. ಒಳಗಿನ ಕಾವಲುಗಾರ ಮುದ್ರಿ ನೋಡ್ತಾನ, ನಮ್ಮ ಮನೀದ ಅಂತ ಬಿಡ್ತಾನ. ಖರೇ ಗೊತ್ತಾಗೂದ್ರೊಳಗ ವೈರಸ್ ಊರ ತುಂಬ. ಆಗ ಎಲ್ಲಾ ಕೋಶಗಳೂ ಒಮ್ಮೆಲೇ ಬಾಯಿ ಮಾಡ್ತಾವ. ಬಾಯಿ ಮಾಡ್ಸಾಕೂ ನಮ್ಮೊಳಗ ಆಳು ಅದಾರ, ಸುಮ್ಮನಿರ್ಸಾಕೂ ಆಳು ಅದಾರ. ಸುಮ್ಮನಿರ್ಸೂದು ತಡ ಆತಂದ್ರ ವೈರಸ್ ಹೊರಟು ನಿಂತ್ರೂ ಗದ್ದಲ ನಿಲ್ಲೂದಿಲ್ಲ. ಆ ಗದ್ದಲಕ್ಕ ರಕ್ತನಾಳದ ಗೋಡಿ ಸಡಲಾಗ್ತಾವ, ನೀರು ಸೋರ್ತೈತಿ. ಬೆಡ್ ಸೆವೆನ್ ನೋಡ್ರಿ. ಜ್ವರ ಬಿಟ್ಟ ಮ್ಯಾಲ ಸಾಯಾಕ ಹೋಗಿದ್ದ."

ಇಷ್ಟು ದಿನ ಸೊಳ್ಳೆಯನ್ನು ಬೈದೆ, ಟೈರನ್ನು ಬೈದೆ. ಒಳಗೆ ಹೊಕ್ಕದ್ದು ನೋಡಿದರೆ ನನ್ನದೇ ಕಸುಬಿನವನು. ಅವನಿಗೂ ಒಂದು ಕದ್ದ ದನಿ, ಅವನಿಗೂ ಒಬ್ಬ ನಂಬಿದ ಕಾವಲುಗಾರ. ಅವನು ಹೊರಟು ನಿಂತ ಮೇಲೂ ನಿಲ್ಲದೆ ನನ್ನನ್ನು ಹೊಡೆದದ್ದು ನನ್ನದೇ ಮೈಯ ಸೇಡು.

ಡಾಕ್ಟರು ಹುಡುಗಿಯರನ್ನು ಕೇಳಿದರು. "ಹಂಗಾದ್ರ ಕಾವಲುಗಾರಂದು ತಪ್ಪೈತೇನು?"

"ಇಲ್ಲ ಸರ್," ಅಂದಳು ಒಬ್ಬಳು.

"ಕರೆಕ್ಟ್. ಮುದ್ರಿ ಕದ್ದೋನ ತಪ್ಪು. ನೆಕ್ಸ್ಟ್."

ಮಂಚದ ಆ ಬದಿಯಲ್ಲಿ ರೇಣುಕಾ ಸಿಸ್ಟರ್ ಬಿಪಿ ಪಟ್ಟಿ ಹಿಡಿದು ನಿಂತಿದ್ದರು. ಕ್ಯಾಲೆಂಡರ್ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

"ಹ್ಹ್ಂ, ಹ್ಹ್ಂ," ಅಂದೆ. "ಸಿಸ್ಟರ್. ಬೆಡ್ ಸೆವೆನ್. ಡಿಸ್ಚಾರ್ಜ್."

ಹುಡುಗಿಯರೆಲ್ಲ ಡಾಕ್ಟರ ಬಾಯಿ ನೋಡಿದರು. ಅದು ಮುಚ್ಚಿತ್ತು.

ಆಮೇಲೆ ನನ್ನ ಸ್ವಂತ, ಆ ಡಬ್ಬಿಯೊಳಗಿನ ಇಲಿಯ ದನಿಯಲ್ಲಿ ಎಲ್ಲ ಹೇಳಿದೆ. ಬಚ್ಚಲು, ನಲ್ಲಿ, ಫೋನು, ಸಂಡೂರು. "ನಮ್ಮವ್ವ ಒಂದು ಮಾತು ಕೇಳಿದ್ದಕ್ಕ ನೀವ ಟ್ರೀಟ್‌ಮೆಂಟ್ ಮಾಡ್ಕೊಳ್ರಿ ಅಂದ್ರಿ ಸರ್. ಮಾಡ್ಕೊಂಡೆ. ಸಾಯಾಕ ಹೋಗಿದ್ದೆ, ಅದು ನನ್ನ ತಪ್ಪು. ಆದ್ರ ಕಾವಲುಗಾರಂದು ತಪ್ಪಿಲ್ಲ ಅಂತ ಈಗ ನೀವ ಹೇಳಿದ್ರಿ. ನೋಟಿಸ್ ಮಾತ್ರ ಕಾವಲುಗಾರಗ ಕೊಟ್ಟೀರಿ."

ಬಾಗಿಲ ಬಳಿ ಅವ್ವ ಇದ್ದಳು. ಈ ಸಲ ಅವಳು ಹಿಂದೆ ಸರಿಯಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕಿವಿ ಹಿಂಡಿದ್ದು ಬೇರೆ ಮಾತು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಆ ಬೆಳಗಿನ ಕೊನೆಯ ಮಾತಿನ ಮೇಲೆ ನನ್ನ ಮಾತು ಬರುವುದು ಬೇಡ. ನೋಟಿಸನ್ನು ಹರಿದು ಹಾಕಿದರು. ರೇಣುಕಾ ಸಿಸ್ಟರ್ ಇವತ್ತಿಗೂ ಕಂಪ್ಲಿ ಬಸ್ಸಿನಲ್ಲಿ ಬಂದು ಅದೇ ವಾರ್ಡು ನೋಡಿಕೊಳ್ಳುತ್ತಾರೆ. ಫೋನ್ ಆರ್ಡರ್ ಬಂದರೆ ಫೋನ್ ಇಟ್ಟು ತಾವೇ ತಿರುಗಿ ಕೆಳಗೆ ಫೋನ್ ಮಾಡಿ ಕೇಳುತ್ತಾರೆ, ಡಾಕ್ಟರು ಗೊಣಗುತ್ತಲೇ ಮತ್ತೊಮ್ಮೆ ಹೇಳುತ್ತಾರೆ. ನನಗೆ ಎರಡು ತಿಂಗಳು ಮೆಟ್ಟಿಲು ಹತ್ತಲು ಆಗಲಿಲ್ಲ. ತಲೆಗೂದಲು ಹಿಡಿ ಹಿಡಿ ಉದುರಿತು. ಕರಡಿಗೆ ಇನ್ನೂ ಉಸಿರು ಸಾಲುವುದಿಲ್ಲ, ಕಡ್ಡಿರಾಂಪುರದಲ್ಲಿ ಸದ್ಯಕ್ಕೆ ಮರಿ ಕರಡಿ ಮಾತ್ರ. ಡಾಕ್ಟರ ದನಿಯನ್ನು ಬಾಡಿಗೆಯಿಂದ ಬಿಡಿಸಿದ್ದೇನೆ. ಜ್ವರ ಬಿಟ್ಟಿತು ಎಂದು ಯಾರಾದರೂ ನನ್ನೆದುರು ಕುಣಿದರೆ, ಎರಡು ದಿನ ಸುಮ್ಮನೆ ಮಲಗು ಎಂದು ನನ್ನದೇ ದನಿಯಲ್ಲಿ ಬೈಯುತ್ತೇನೆ.

ಅವತ್ತು ಡಾಕ್ಟರು ತುಂಬ ಹೊತ್ತು ನನ್ನನ್ನೇ ನೋಡಿದರು. ಮೊದಲ ಸಲ ಕಾಗದವನ್ನಲ್ಲ, ಮುಖವನ್ನು. ಆಮೇಲೆ ಅವ್ವನ ಕಡೆ ತಿರುಗಿ ಏನೋ ಅನ್ನಲು ಹೊರಟು, ಗಂಟಲು ಸರಿಮಾಡಿಕೊಂಡು, ಸುಮ್ಮನಾದರು. ಆದರೆ ವಿದ್ಯಾರ್ಥಿನಿಯರ ಮುಂದೆ ಸೋತು ಹೋಗುವುದು ಅಷ್ಟು ಸುಲಭವಲ್ಲ. ಸಿಸ್ಟರ್ ಕಡೆ ತಿರುಗಿದರು.

"ಅದಿರ್ಲಿ. ಹತ್ತು ವರ್ಷ ನನ್ನ ಕೂಡ ಕೆಲಸ ಮಾಡೀರಿ. ನಾನ್ಯಾರು, ಇವನ್ಯಾರು ಅಂತ ಅಷ್ಟೂ ಗೊತ್ತಾಗಲಿಲ್ಲೇನು ನಿಮಗ?"

ರೇಣುಕಾ ಸಿಸ್ಟರ್ ಬಿಪಿ ಪಟ್ಟಿಯನ್ನು ನಿಧಾನಕ್ಕೆ ಸುತ್ತಿ ಡಬ್ಬಿಯಲ್ಲಿಟ್ಟರು.

"ಗೊತ್ತಾಗಬೇಕಿತ್ರೀ ಸರ್. ಫೋನ್ ಇಡೂ ಮುಂದ ಅವ 'ಥ್ಯಾಂಕ್ಸ್ ಸಿಸ್ಟರ್' ಅಂದ. ನೀವಲ್ಲ ಅಂತ ಅಲ್ಲೇ ಗೊತ್ತಾಗಬೇಕಿತ್ತು."